ಹತ್ತಿ ಸತ್ತ ಮೇಲೂ ಉಳಿದ ಒಡೆತನ



ಹತ್ತಿ ಬೆಳೆಯುವ ಸೀಮೆಯಲ್ಲಿ ನಿಂತು ಹತ್ತಿಯ ಮಾತಾಡಲು ತುಸು ಧೈರ್ಯ ಬೇಕು. ಬಿತ್ತುವುದು, ಕಳೆ ತೆಗೆಯುವುದು, ಬಿಡಿಸುವುದು, ಅಂಡಿಗೆ ಕಟ್ಟಿ ಪೇಟೆಗೆ ಒಯ್ಯುವುದು, ಅಲ್ಲಿ ದರ ಕೇಳಿ ಮುಖ ಸಣ್ಣದು ಮಾಡಿಕೊಂಡು ಮರಳುವುದು, ಇದನ್ನೆಲ್ಲ ನನಗಿಂತ ಚೆನ್ನಾಗಿ ಬಲ್ಲವರು ಈ ಸಭೆಯಲ್ಲಿದ್ದೀರಿ. ಆದ್ದರಿಂದ ಬೆಳೆಯ ಬಗ್ಗೆ ಕಡಿಮೆ, ಒಡೆತನದ ಬಗ್ಗೆ ಹೆಚ್ಚು ಹೇಳುತ್ತೇನೆ. ಅದೂ ಇಲ್ಲಿಯದಲ್ಲ, ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳ ಕೆರಿಬಿಯನ್ ದ್ವೀಪಗಳದು.

ಅಲ್ಲಿಗೆ ಹೋಗಲು ನಮ್ಮ ಹೊಲದಿಂದಲೇ ಒಂದು ಎಳೆ ಸಿಗುತ್ತದೆ. ಧಾರವಾಡದಲ್ಲಿ ಡಾ. ಬಿ. ಎಚ್. ಕಾತರಕಿಯವರು 1972ರಲ್ಲಿ ಕೊಟ್ಟ ವರಲಕ್ಷ್ಮಿ, ಆಮೇಲೆ ಬಂದ ಡಿಸಿಎಚ್-32, ಈ ಎರಡೂ ಸಂಕರ ತಳಿಗಳಿಗೆ ನಯವಾದ ಉದ್ದ ಎಳೆ ಬಂದದ್ದು ಗಾಸಿಪಿಯಮ್ ಬಾರ್ಬಡೆನ್ಸ್ ಎಂಬ ಜಾತಿಯಿಂದ. ಅದರ ತವರು ದಕ್ಷಿಣ ಅಮೆರಿಕದ ಪಶ್ಚಿಮ ಭಾಗ. ಯುರೋಪಿನವರು ಹಡಗು ಹತ್ತಿ ಬರುವ ಮೊದಲೇ ಅದು ಕೆರಿಬಿಯನ್ ದ್ವೀಪಗಳಲ್ಲಿ ಬೇರೂರಿತ್ತು. ಅದನ್ನು ದೂರದ ಗಿರಣಿಗಳಿಗಾಗಿ, ಕೊಂಡು ತಂದ ಮನುಷ್ಯರ ಕೈಯಿಂದ ಬೆಳೆಸುವ ಪದ್ಧತಿ ಮಾತ್ರ ಯುರೋಪಿನವರು ತಂದದ್ದು.

ಕೆರಿಬಿಯನ್ ಗುಲಾಮಗಿರಿ ಎಂದಕೂಡಲೇ ಎಲ್ಲರಿಗೂ ಸಕ್ಕರೆ ನೆನಪಾಗುತ್ತದೆ. ಅದರಲ್ಲಿ ತಪ್ಪಿಲ್ಲ. ಆದರೆ ಬಾರ್ಬಡೋಸಿನ ಇಂಗ್ಲಿಷ್ ವಸಾಹತುಗಾರರು 1630ರ ದಶಕದಲ್ಲಿ ನೆಚ್ಚಿಕೊಂಡಿದ್ದು ಹೊಗೆಸೊಪ್ಪು ಮತ್ತು ಹತ್ತಿಯನ್ನು. ಕಬ್ಬು ಬಂದದ್ದು 1640ರ ದಶಕದಲ್ಲಿ. ಕಬ್ಬಿಗೆ ಗಾಣ ಬೇಕು, ಕುದಿಸುವ ಮನೆ ಬೇಕು, ದೊಡ್ಡ ಬಂಡವಾಳ ಬೇಕು. ಹತ್ತಿಗೆ ಅಷ್ಟೆಲ್ಲ ಬೇಡ. ಆದ್ದರಿಂದ ಅದು ಮಳೆ ಕಡಿಮೆ ಬೀಳುವ ಸಣ್ಣ ದ್ವೀಪಗಳಲ್ಲಿ, ಕೈಯಲ್ಲಿ ಹಣ ಕಡಿಮೆ ಇದ್ದ ಒಡೆಯರ ಬೆಳೆಯಾಗಿ ಉಳಿಯಿತು. 1771ರಲ್ಲಿ ರಿಚರ್ಡ್ ಆರ್ಕ್‌ರೈಟ್ ಕ್ರಾಮ್‌ಫರ್ಡಿನಲ್ಲಿ ನೀರಿನಿಂದ ಓಡುವ ನೂಲಿನ ಗಿರಣಿ ಶುರುಮಾಡಿದ ಮೇಲೆ ಚಿತ್ರ ಬದಲಾಯಿತು. ಮುಂದಿನ ಇಪ್ಪತ್ತು ವರ್ಷ ಇಂಗ್ಲೆಂಡಿನ ಗಿರಣಿಗಳ ಹೊಟ್ಟೆ ತುಂಬಿಸಿದ ಅರಳೆಯ ದೊಡ್ಡ ಪಾಲು ಬಂದದ್ದು ಭಾರತದಿಂದಲ್ಲ, ಅಮೆರಿಕ ಸಂಯುಕ್ತ ಸಂಸ್ಥಾನದಿಂದಲೂ ಅಲ್ಲ, ಕೆರಿಬಿಯನ್ನಿನಿಂದ. ಫ್ರೆಂಚರ ಸ್ಯಾನ್ ಡೊಮಿಂಗ್ ಅದರಲ್ಲಿ ಮುಂದಿತ್ತು. 1791ರಲ್ಲಿ ಅಲ್ಲಿನ ಗುಲಾಮರು ದಂಗೆ ಎದ್ದು, ಆ ನೆಲವೇ ಮುಂದೆ ಹೈಟಿ ಎಂಬ ಸ್ವತಂತ್ರ ದೇಶವಾದ ಕಥೆ ನಿಮಗೆ ಗೊತ್ತು. ಮ್ಯಾಂಚೆಸ್ಟರಿನ ಇತಿಹಾಸವನ್ನು ಯಂತ್ರಗಳಿಂದ ಶುರುಮಾಡುವ ಪಠ್ಯಪುಸ್ತಕಗಳು ಈ ಇಪ್ಪತ್ತು ವರ್ಷಗಳನ್ನು ಹಾರಿಸಿಬಿಡುತ್ತವೆ.

ಹತ್ತಿಯ ದ್ವೀಪ ಹೇಗಿತ್ತು ಎಂದು ತಿಳಿಯಲು ಗ್ರೆನಡಾದ ಪಕ್ಕದ ಕರಿಯಾಕು ನೋಡಬೇಕು. ಹದಿಮೂರು ಚದರ ಮೈಲಿಯ ನೆಲ, ಹೆಸರಿಗೆ ಒಂದು ನದಿಯೂ ಇಲ್ಲ. ಮೊದಲು ಫ್ರೆಂಚರದು, 1763ರ ಪ್ಯಾರಿಸ್ ಒಪ್ಪಂದದಲ್ಲಿ ಬ್ರಿಟಿಷರ ಪಾಲಾಯಿತು. ಒಳ್ಳೆಯ ಮಳೆಯ ವರ್ಷದಲ್ಲಿ ಇಲ್ಲಿಂದ ಹತ್ತು ಲಕ್ಷ ಪೌಂಡು ತೂಕದ ಹತ್ತಿ ಹೊರಗೆ ಹೋಗುತ್ತದೆ ಎಂದು ಬ್ರಯನ್ ಎಡ್ವರ್ಡ್ಸ್ ತನ್ನ 1793ರ ವೆಸ್ಟ್ ಇಂಡೀಸ್ ಇತಿಹಾಸದಲ್ಲಿ ಬರೆದ. ಈತ ಸ್ವತಃ ಜಮೈಕಾದಲ್ಲಿ ತೋಟ ಮತ್ತು ಗುಲಾಮರನ್ನು ಇಟ್ಟುಕೊಂಡಿದ್ದವ, ಗುಲಾಮರ ವ್ಯಾಪಾರದ ಪರ ವಾದಿಸಿದವ. ಅವನ ಮಾತಿನಲ್ಲಿ ದ್ವೀಪ ‘ಉತ್ಪಾದಿಸುತ್ತದೆ’. ಬಗ್ಗಿ ಬಿಡಿಸುವವರು ಕಾಣುವುದಿಲ್ಲ. ಅಲ್ಲಿ ದೊಡ್ಡ ತೋಟಗಳನ್ನು ಹಿಡಿದ ಒಂದು ಮನೆತನ ಸ್ಕಾಟ್‌ಲೆಂಡಿನ ಅಬರ್ಡೀನ್‌ಶೈರಿನ ಅರ್ಕಾರ್ಟರದು. ಅವರ ಕೋಟೆಮನೆಯ ಹೆಸರು ಕ್ರೇಗ್‌ಸ್ಟನ್. ಕರಿಯಾಕುವಿನಲ್ಲೂ ಕ್ರೇಗ್‌ಸ್ಟನ್ ಎಂಬ ತೋಟವಿತ್ತು, ಆ ಹೆಸರಿನ ಊರು ಇಂದಿಗೂ ಇದೆ. ಒಡೆಯ ಚಳಿಯ ನಾಡಿನಲ್ಲಿ, ತೋಟ ಬಿಸಿಲಿನ ನಾಡಿನಲ್ಲಿ, ನಡುವೆ ಕಾಗದ ಬರೆಯುವ ಒಬ್ಬ ಮುಖ್ತಿಯಾರ. ಕರಿಯಾಕುವಿನ ಜನ ಇಂದಿಗೂ ಬಿಗ್ ಡ್ರಮ್ ಎಂಬ ಕುಣಿತದಲ್ಲಿ ಕ್ರೊಮಾಂಟಿ, ಇಬೊ, ಮಂಡಿಂಗ್, ಟೆಮ್ನೆ, ಕಾಂಗೊ ಎಂದು ತಮ್ಮ ಹಿರಿಯರ ಕುಲಗಳನ್ನು ಒಂದೊಂದಾಗಿ ಕರೆಯುತ್ತಾರೆ. ಒಡೆಯರ ದಫ್ತರದಲ್ಲಿ ಈ ಜನ ಹೆಸರು, ವಯಸ್ಸು, ಬಣ್ಣ, ಕಸುಬು ಎಂಬ ಕಾಲಮುಗಳಲ್ಲಿ ಉಳಿದಿದ್ದಾರೆ. ಕುಣಿತದಲ್ಲಿ ಕುಲವಾಗಿ ಉಳಿದಿದ್ದಾರೆ.

ನಾನು ಇಂದು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಬಹಾಮಾಸಿನಲ್ಲಿ. ಭೂಗೋಳದ ಮೇಷ್ಟ್ರುಗಳು ಅದು ಅಟ್ಲಾಂಟಿಕ್ ಸಾಗರದಲ್ಲಿದೆ ಎನ್ನುತ್ತಾರೆ. ಗುಲಾಮಗಿರಿಯ ಇತಿಹಾಸ ಅದನ್ನು ಕೆರಿಬಿಯನ್ನಿನಲ್ಲೇ ಸೇರಿಸುತ್ತದೆ, ನಾನೂ ಹಾಗೆಯೇ ಸೇರಿಸುತ್ತೇನೆ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷ್ ದೊರೆಯ ಪರ ನಿಂತು ಸೋತವರು 1783ರ ನಂತರ ಜಾರ್ಜಿಯಾ, ಕೆರೊಲಿನಾ, ಫ್ಲಾರಿಡಾಗಳಿಂದ ಗಂಟುಮೂಟೆ ಕಟ್ಟಿಕೊಂಡು ಇಲ್ಲಿಗೆ ಬಂದರು. ಬಿಳಿಯರು ಸುಮಾರು 1,600. ಅವರ ಜೊತೆ ಬಂದ ಗುಲಾಮರು ಮತ್ತು ಸ್ವತಂತ್ರ ಕರಿಯರು ಸೇರಿ 5,700ರಷ್ಟು. ನೆಲ ಕಳೆದುಕೊಂಡ ನಿಷ್ಠಾವಂತರಿಗೆ ದೊರೆ ನೆಲ ಕೊಟ್ಟ. ಹೇಗೆ ಕೊಟ್ಟ ಎಂಬುದನ್ನು ಗಮನಿಸಿ: ಮನೆಯ ಯಜಮಾನನಿಗೆ 40 ಎಕರೆ, ಮನೆಯಲ್ಲಿರುವ ಉಳಿದ ಪ್ರತಿ ತಲೆಗೆ, ಗಂಡಾಗಲಿ ಹೆಣ್ಣಾಗಲಿ ಮಗುವಾಗಲಿ, ಬಿಳಿಯರಾಗಲಿ ಕರಿಯರಾಗಲಿ, 20 ಎಕರೆ.

ಕೇಳಲು ಎಷ್ಟು ಸಮಾನತೆ! ಲೆಕ್ಕ ಹಾಕಿದರೆ ಬೇರೆಯೇ ಕಾಣುತ್ತದೆ. ಕರಿಯ ತಾಯಿಯ ಕಂಕುಳಲ್ಲಿದ್ದ ಕೂಸು ಒಡೆಯನ ಹೆಸರಿಗೆ 20 ಎಕರೆ ತಂದಿತು. ಆ ತಾಯಿಗೆ ನೆಲವಿಲ್ಲ, ಕೂಸೂ ಅವಳದಲ್ಲ. ತಾಯಿ ಯಾರ ಸೊತ್ತೋ ಮಗುವೂ ಅವರದೇ ಎಂಬುದು ಕಾನೂನು. ಸಾಲದಿಂದ ಹುಟ್ಟುವ ಜೀತವನ್ನು ನಮ್ಮ ನಾಡು ತಲೆಮಾರುಗಟ್ಟಲೆ ಕಂಡಿದೆ. ಆ ಕ್ರೌರ್ಯವನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಜೀತದಲ್ಲಿ ತೀರಿಸಲಾಗದ ಒಂದು ಸಾಲವೆಂಬ ನೆಪವಾದರೂ ಇತ್ತು. ಬಹಾಮಾಸಿನಲ್ಲಿ ಯಾವ ನೆಪವೂ ಬೇಕಾಗಿರಲಿಲ್ಲ. ನನ್ನ ವಾದ ಇಷ್ಟೇ: ಹತ್ತಿ ತೋಟದಲ್ಲಿ ನಿಜವಾದ ಆಸ್ತಿ ನೆಲವಲ್ಲ, ಹತ್ತಿಯೂ ಅಲ್ಲ. ಹತ್ತಿ ಸೋತುಹೋದ ಮೇಲೂ ಒಡೆಯ ಸೋಲದೆ ಉಳಿದದ್ದು ಹೇಗೆ ಎಂದು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ದುಡಿಮೆ ಹೇಗಿತ್ತು? ಬಹಾಮಾಸಿನ ನೆಲ ಸುಣ್ಣಕಲ್ಲಿನದು. ಕಲ್ಲಿನ ಗುಂಡಿಗಳಲ್ಲಿ ಹಿಡಿ ಮಣ್ಣು. ಕುರುಚಲು ಕಡಿದು ಸುಟ್ಟು, ಆ ಗುಂಡಿಗಳಲ್ಲೇ ಬೀಜ ಊರುತ್ತಿದ್ದರು. ನೇಗಿಲಿಗೆ ಅಲ್ಲಿ ಕೆಲಸವಿಲ್ಲ. ಗಿಡ ಹಲವು ವರ್ಷ ಬಾಳುವಂಥದ್ದು, ಸವರುತ್ತ ಹೋದರೆ ಮತ್ತೆ ಚಿಗುರುತ್ತದೆ. ವರ್ಷದ ಬಹುಪಾಲು ಕಳೆ ತೆಗೆಯುವುದೇ ಕೆಲಸ. ಕಾಯಿ ಒಡೆಯತೊಡಗಿದರೆ ದಿನವೂ ಬಿಡಿಸಬೇಕು. ಒಂದೇ ಸಲಕ್ಕೆ ಮುಗಿಯುವುದಿಲ್ಲವೆಂದು ನಿಮಗೆ ಹೇಳಬೇಕಾಗಿಲ್ಲ. ಬೀಜ ಬಿಡಿಸಲು ಎರಡು ಉರುಳೆಗಳ ಜಿನ್ನು, ಕಾಲಿನಿಂದ ತುಳಿದು ಓಡಿಸುವಂಥದ್ದು; ನಮ್ಮ ಕೈಚರಕದ ದೂರದ ಬಂಧು. ದಿನವೆಲ್ಲ ತುಳಿದರೆ ಒಬ್ಬನಿಂದ 25–30 ಪೌಂಡು ಅರಳೆ. ಫಿಲಡೆಲ್ಫಿಯಾದಿಂದ ಬಂದ ಜೋಸೆಫ್ ಈವ್ ಎಂಬ ಚತುರ ಇದನ್ನೇ ಗಾಳಿಯ ಬಲದಿಂದ ಓಡುವಂತೆ ಮಾಡಿದ. ಒಡೆಯರು ಅವನನ್ನು ಕೊಂಡಾಡಿದರು. ಅರಳೆಯಿಂದ ಕಸ ಆರಿಸುವುದು, ಚೀಲಕ್ಕೆ ತುಳಿದು ತುಂಬುವುದು ಮಾತ್ರ ಕೈಕಾಲುಗಳ ಪಾಲಿಗೇ ಉಳಿಯಿತು.

ಕೆಲಸವನ್ನು ಅಳತೆಯಲ್ಲಿ ಹಂಚುತ್ತಿದ್ದರು. ಕಾಲು ಎಕರೆಯಷ್ಟು ನೆಲ ಒಬ್ಬರ ಒಂದು ದಿನದ ಪಾಲು. ಅದು ಮುಗಿದರೆ ಉಳಿದ ಹೊತ್ತು ತಮ್ಮದು. ತಮ್ಮ ತುಂಡು ನೆಲದಲ್ಲಿ ಜೋಳ, ಅವರೆ, ಗೆಣಸು ಬೆಳೆಯಬಹುದು, ಮೀನು ಹಿಡಿಯಬಹುದು. ಸಕ್ಕರೆ ತೋಟದಲ್ಲಿ ಚಾವಟಿ ಹಿಡಿದವನ ಹಿಂದೆ ಗುಂಪಾಗಿ ದುಡಿದು, ಸುಗ್ಗಿಯಲ್ಲಿ ರಾತ್ರಿಯೂ ಕುದಿಯುವ ಕೊಪ್ಪರಿಗೆಯ ಮುಂದೆ ನಿಲ್ಲಬೇಕಿತ್ತು. ದಕ್ಷಿಣ ಅಮೆರಿಕದ ಡೆಮೆರಾರ ಕರಾವಳಿಯಲ್ಲಿ ಹತ್ತಿಯ ತೋಟಗಳು ಒಂದೊಂದಾಗಿ ಕಬ್ಬಿಗೆ ತಿರುಗಿದಾಗ ಅಲ್ಲಿನ ಗುಲಾಮರಿಗೆ ಈ ವ್ಯತ್ಯಾಸ ಮೈಮೇಲೆಯೇ ಅರ್ಥವಾಯಿತು. 1823ರಲ್ಲಿ ಅಲ್ಲಿ ಸಾವಿರಾರು ಜನ ಎದ್ದು ನಿಂತದ್ದಕ್ಕೆ ಹಲವು ಕಾರಣಗಳಿದ್ದವು. ಹೆಚ್ಚಿದ ದುಡಿಮೆ ಅವುಗಳಲ್ಲಿ ಒಂದು.

ಹಾಗಾದರೆ ಹತ್ತಿಯ ಗುಲಾಮಗಿರಿ ‘ಮೃದು’ವಾಗಿತ್ತೇ? ಬಹಾಮಾಸಿನ ದಾಖಲೆಗಳನ್ನು ಓದಿದ ಕೆಲವರು ಹಾಗೆ ಹೇಳುವುದುಂಟು. ಜಮೈಕಾದ ಸಕ್ಕರೆ ತೋಟಗಳಲ್ಲಿ ಹುಟ್ಟಿದವರಿಗಿಂತ ಸತ್ತವರು ಹೆಚ್ಚು, ಬಹಾಮಾಸಿನಲ್ಲಿ ಗುಲಾಮರ ಸಂಖ್ಯೆ ಹುಟ್ಟಿನಿಂದಲೇ ಬೆಳೆಯಿತು, ಬಹಳ ಜನ ಗಂಡ–ಹೆಂಡತಿ–ಮಕ್ಕಳ ಸಂಸಾರದಲ್ಲಿ ಬಾಳಿದರು. ಇದು ನಿಜ. ಆದರೆ ಬೆಳೆದ ಸಂಖ್ಯೆ ಯಾರ ಲೆಕ್ಕದಲ್ಲಿ ಜಮೆಯಾಯಿತು ಎಂದು ಕೇಳದೆ ಈ ಮಾತನ್ನು ಒಪ್ಪಲು ನಾನು ಸಿದ್ಧನಿಲ್ಲ.

ಹತ್ತಿಯ ಸುಗ್ಗಿ ಹದಿನೈದು ವರ್ಷವೂ ಸರಿಯಾಗಿ ನಡೆಯಲಿಲ್ಲ. 1788ರಲ್ಲಿ ಕಂಬಳಿಹುಳು ಬಿತ್ತು, 1794ರಲ್ಲಿ ಮತ್ತೆ ಬಿತ್ತು. ಕೆಂಪು ತಿಗಣೆ ಅರಳೆಗೆ ಬಣ್ಣ ಹಿಡಿಸಿತು. ಕಾಡು ಕಡಿದ ಮೇಲೆ ಹಿಡಿ ಮಣ್ಣೂ ತೊಳೆದುಹೋಯಿತು. ಇನ್ನೊಂದು ವಿಚಿತ್ರ ನೋಡಿ: ಇದೇ ನಿಷ್ಠಾವಂತರು ಬಹಾಮಾಸಿನಿಂದ ಜಾರ್ಜಿಯಾದ ಹಳೆಯ ಗೆಳೆಯರಿಗೆ 1785–86ರ ಸುಮಾರಿಗೆ ಹತ್ತಿ ಬೀಜ ಕಳಿಸಿಕೊಟ್ಟರು. ಅದು ಅಲ್ಲಿನ ಕಡಲಂಚಿನಲ್ಲಿ ‘ಸೀ ಐಲ್ಯಾಂಡ್’ ಎಂಬ ಜಗತ್ತಿನ ಅತ್ಯುತ್ತಮ ಹತ್ತಿಯಾಗಿ ಬೆಳೆಯಿತು. 1793ರಲ್ಲಿ ಎಲಿ ವಿಟ್ನಿಯ ಜಿನ್ನು ಬಂದ ಮೇಲೆ ಒಳನಾಡಿನ ಗಿಡ್ಡ ಎಳೆಯ ಹತ್ತಿಗೂ ದಾರಿಯಾಯಿತು. ತಾವು ಬಿಟ್ಟು ಬಂದ ನಾಡೇ ತಮ್ಮ ವ್ಯಾಪಾರವನ್ನು ನುಂಗುವುದನ್ನು ಅವರು ದ್ವೀಪದಲ್ಲಿ ಕೂತು ನೋಡಿದರು. 1800ರ ಹೊತ್ತಿಗೆ ಬಹಾಮಾಸಿನ ಹತ್ತಿ ಮುಗಿದ ಕಥೆ.

ಬೆಳೆ ಹೋಯಿತು, ಮಣ್ಣು ಹೋಯಿತು. ಉಳಿದದ್ದೇನು? ಮನುಷ್ಯರು. ಅವರಿಗೆ ಬೇರೆ ಕಡೆ ಬೆಲೆಯಿತ್ತು. ಬ್ರಿಟನ್ 1807ರಲ್ಲಿ ಆಫ್ರಿಕದಿಂದ ಗುಲಾಮರನ್ನು ತರುವುದನ್ನು ನಿಷೇಧಿಸಿದ ಮೇಲೆ ಟ್ರಿನಿಡಾಡ್, ಡೆಮೆರಾರಗಳ ಹೊಸ ಸಕ್ಕರೆ ತೋಟಗಳಿಗೆ ಆಳುಗಳ ಬರ ಬಂತು. ಬಹಾಮಾಸಿನಲ್ಲಿ ಕೆಲಸವಿಲ್ಲದೆ ಕೂತಿದ್ದ ‘ಆಸ್ತಿ’ ಅಲ್ಲಿಗೆ ಸಾಗತೊಡಗಿತು. ವಾಟ್ಲಿಂಗ್ಸ್ ದ್ವೀಪದ ಬರ್ಟನ್ ವಿಲಿಯಮ್ಸ್ ಎಂಬ ತೋಟಗಾರ 1820ರ ದಶಕದ ಮೊದಲ ವರ್ಷಗಳಲ್ಲಿ ನೂರಾರು ಜನರನ್ನು ಟ್ರಿನಿಡಾಡಿಗೆ ಒಯ್ದ. ಸಂಸಾರ ಕಟ್ಟಿ ಬೆಳೆದ ಜನ ಎಂದೆವಲ್ಲ, ಆ ಸಂಸಾರಗಳನ್ನೇ ಕಬ್ಬಿನ ಬೆಂಕಿಯ ಕಡೆಗೆ ಹಡಗಿಗೆ ತುಂಬಿದ್ದು. ಹತ್ತಿಯ ಕಾಲದ ‘ಮೃದುತ್ವ’ದ ಫಲವನ್ನು ಕೊಯ್ದವರು ಯಾರೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈಗ ಬಹಾಮಾಸಿನದೇ ಎಕ್ಸೂಮ ದ್ವೀಪಕ್ಕೆ ಬರುತ್ತೇನೆ. ಇಂಗ್ಲೆಂಡಿನ ಡೆವನ್ ಪ್ರಾಂತದ ದೊಡ್ಡ ಜಮೀನುದಾರ ಡೆನಿಸ್ ರೋಲ್ ಫ್ಲಾರಿಡಾದಲ್ಲಿ ಕೈ ಸುಟ್ಟುಕೊಂಡು, ತನ್ನ ನೂರನಲವತ್ತರಷ್ಟು ಗುಲಾಮರನ್ನು 1784ರಲ್ಲಿ ಎಕ್ಸೂಮಕ್ಕೆ ಸಾಗಿಸಿದ. ಹಡಗಿನ ಹೆಸರು ‘ಶಾಂತಿ ಮತ್ತು ಸಮೃದ್ಧಿ’ ಎಂಬ ಅರ್ಥದ್ದು. ಇಂಥ ಹೆಸರು ಕಾದಂಬರಿಕಾರ ಇಟ್ಟಿದ್ದರೆ ಅತಿಯಾಯಿತೆಂದು ವಿಮರ್ಶಕರು ಬಯ್ಯುತ್ತಿದ್ದರು. 1797ರಲ್ಲಿ ಡೆನಿಸ್ ಸತ್ತ ಮೇಲೆ ಆಸ್ತಿ ಅವನ ಮಗ ಜಾನ್, ಅಂದರೆ ಲಾರ್ಡ್ ರೋಲ್‌ಗೆ ಬಂತು. ಈತ ಪಾರ್ಲಿಮೆಂಟಿನ ಮನುಷ್ಯ. 1838ರಲ್ಲಿ ರಾಣಿ ವಿಕ್ಟೋರಿಯಾಳ ಪಟ್ಟಾಭಿಷೇಕದಲ್ಲಿ ವಂದನೆ ಸಲ್ಲಿಸಲು ಮೆಟ್ಟಿಲು ಹತ್ತುವಾಗ ಉರುಳಿ ಬಿದ್ದ, ಎಂಬತ್ತು ದಾಟಿದ ಮುದುಕ ಇವನೇ. ಇಂಗ್ಲೆಂಡು ಅವನನ್ನು ನೆನೆಯುವುದು ಆ ಬೀಳುವಿಕೆಗಾಗಿ. ಎಕ್ಸೂಮದಲ್ಲಿ ಹತ್ತಿ ಬಹಳ ಹಿಂದೆಯೇ ಸತ್ತಿತ್ತು. ಒಡೆಯ ದೂರದಲ್ಲಿದ್ದ, ಮೇಲ್ವಿಚಾರಣೆ ಸಡಿಲ. ಜನ ತಮ್ಮ ಜೋಳ ಬೆಳೆದು, ಕೋಳಿ ಹಂದಿ ಸಾಕಿ, ಊರು ಕಟ್ಟಿಕೊಂಡು ಬಾಳಿದರು. ನೂರನಲವತ್ತು ಇದ್ದವರು ಐವತ್ತು ವರ್ಷಗಳಲ್ಲಿ 370 ದಾಟಿದರು.

ಅವರ ಹೊಟ್ಟೆಬಟ್ಟೆಯ ಖರ್ಚು ಲಾರ್ಡ್ ರೋಲ್‌ಗೆ ಭಾರವಾಗಿ ಕಂಡಿತು. ಟ್ರಿನಿಡಾಡಿಗೆ ಸಾಗಿಸುವ ಮಾತು ನಡೆದು ನಿಂತಿತು. 1830ರ ಆರಂಭದಲ್ಲಿ ಸ್ಟೀವನ್‌ಟನ್ ಎಂಬಲ್ಲಿನ 77 ಜನರಿಗೆ ಅಪ್ಪಣೆಯಾಯಿತು: ಮೂರು ದಿನದಲ್ಲಿ ಜೋಳ, ಅವರೆ ಕಿತ್ತುಕೊಂಡು ಹೊರಡಿ, ಕ್ಯಾಟ್ ದ್ವೀಪಕ್ಕೆ. ಹೋದರೆ ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ ಆಗುತ್ತಿದ್ದವರೂ ಅವರಲ್ಲಿದ್ದರು. ಪಾಂಪಿ ಎಂಬ ಮೂವತ್ತರ ಆಸುಪಾಸಿನವನ ಹಿಂದೆ ಅವರು ಪೊದೆಗಳಲ್ಲಿ ಅಡಗಿದರು. ಐದು ವಾರ ಕಳೆದು ಕಾಳು ಮುಗಿದಾಗ, 44 ಜನ ಒಡೆಯನದೇ ದೋಣಿ ಹಿಡಿದು ನಾಸೌ ಪಟ್ಟಣಕ್ಕೆ ಹೊರಟರು. ಓಡಿಹೋಗಲು ಅಲ್ಲ, ಗವರ್ನರನ ಮುಂದೆ ನಿಂತು ನ್ಯಾಯ ಕೇಳಲು.

ನಾಸೌ ತಲುಪುವ ಮೊದಲೇ ಸಿಕ್ಕಿಬಿದ್ದರು. ಮ್ಯಾಜಿಸ್ಟ್ರೇಟರು ಅವರನ್ನು ಜೈಲಿಗೆ ಹಾಕಿ, ಹೆಂಗಸರನ್ನೂ ಬಿಡದೆ ಚಾವಟಿಯಲ್ಲಿ ಹೊಡೆಸಿದರು. ವಿಷಯ ತಿಳಿದ ಗವರ್ನರ್ ಜೇಮ್ಸ್ ಕಾರ್ಮೈಕಲ್ ಸ್ಮಿತ್ ಸಿಟ್ಟಾಗಿ ಅವರನ್ನು ಎಕ್ಸೂಮಕ್ಕೇ ಮರಳಿಸಿದ. ಮರಳಿದವರು ಗೆದ್ದವರಂತೆ ಬಂದರು, ಕೆಲಸಕ್ಕೆ ಬಗ್ಗಲಿಲ್ಲ. ಅದೇ ಗವರ್ನರ್ ಈಗ ಸೈನಿಕರನ್ನು ಕಳಿಸಿದ. ಸೈನಿಕರು ರೋಲ್‌ವಿಲ್ ಎಂಬ ಊರಿನ ಕಡೆ ಹೊರಟಾಗ ಪಾಂಪಿ ಕಡಲದಂಡೆಯ ಒಳದಾರಿ ಹಿಡಿದು ಓಡಿ ಊರಿಗೆ ಸುದ್ದಿ ಮುಟ್ಟಿಸಲು ನೋಡಿದ. ಸಿಕ್ಕಿಬಿದ್ದು ಎಲ್ಲರೆದುರು 39 ಏಟು ತಿಂದ. ಆದರೂ ಆ ಜನ ಎಕ್ಸೂಮ ಬಿಡಲಿಲ್ಲ. ನಾಸೌದಲ್ಲಿ ಹಿಂದೆ ಗುಲಾಮರನ್ನು ಹರಾಜು ಹಾಕುತ್ತಿದ್ದ ಕಟ್ಟಡ ಈಗ ಪಾಂಪಿಯ ಹೆಸರಿನ ವಸ್ತುಸಂಗ್ರಹಾಲಯ.

ಈ ಪ್ರಸಂಗದಲ್ಲಿ ನನ್ನನ್ನು ಹಿಡಿದಿಡುವುದು ಆ 44 ಜನ ಕೇಳಿದ ಬೇಡಿಕೆ. ಅವರು ಅಂದು ಬಿಡುಗಡೆ ಕೇಳಲಿಲ್ಲ. ಈ ನೆಲದಿಂದ ನಮ್ಮನ್ನು ಕೀಳಬೇಡಿ ಎಂದರು. ಕಾನೂನಿನ ಕಣ್ಣಿನಲ್ಲಿ ಅವರೇ ಇನ್ನೊಬ್ಬರ ಸೊತ್ತು. ಸೊತ್ತಿಗೆ ಸೊತ್ತು ಇರಲು ಬರುವುದಿಲ್ಲ. ಆದರೆ ಅರ್ಧ ಶತಮಾನ ಕಲ್ಲಿನ ಗುಂಡಿಗಳಲ್ಲಿ ಬೀಜ ಊರಿದ ಅವರ ಮನಸ್ಸಿನಲ್ಲಿ ಒಡೆತನದ ಲೆಕ್ಕ ಬೇರೆಯಾಗಿತ್ತು. ಗವರ್ನರನಿಗೆ ಅವರ ಮೈಮೇಲಿನ ಬಾಸುಂಡೆ ಅರ್ಥವಾಯಿತು, ಈ ಲೆಕ್ಕ ಅರ್ಥವಾಗಲಿಲ್ಲ.

ಇನ್ನು ಬಿಡುಗಡೆಯ ಲೆಕ್ಕ. ಗುಲಾಮಗಿರಿಯನ್ನು ರದ್ದುಮಾಡಿದ 1833ರ ಕಾಯಿದೆಯಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಪರಿಹಾರಕ್ಕೆಂದು ಎರಡು ಕೋಟಿ ಪೌಂಡು ತೆಗೆದಿಟ್ಟಿತು. ಸರ್ಕಾರದ ಆಗಿನ ವಾರ್ಷಿಕ ವೆಚ್ಚದ ಸುಮಾರು ಶೇಕಡಾ 40. ಅದಕ್ಕಾಗಿ ಎತ್ತಿದ ಸಾಲದ ಕೊನೆಯ ಬಾಕಿ ತೀರಿದ್ದು 2015ರಲ್ಲಿ. ಪರಿಹಾರ ಹೋದದ್ದು ಒಡೆಯರಿಗೆ. ದುಡಿದವರಿಗೆ ಒಂದು ಪೆನ್ನಿಯೂ ಇಲ್ಲ. ಮೇಲಾಗಿ ‘ಅಪ್ರೆಂಟಿಸ್’ ಎಂಬ ಹೊಸ ಹೆಸರಿನಲ್ಲಿ 1838ರವರೆಗೆ ಸಂಬಳವಿಲ್ಲದ ದುಡಿಮೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಪರಿಹಾರ ಕೋರಿದ ಅರ್ಜಿಗಳನ್ನೆಲ್ಲ ಒಟ್ಟುಮಾಡಿ ಯಾರು ಬೇಕಾದರೂ ನೋಡುವಂತೆ ಇಟ್ಟಿದ್ದಾರೆ. ಅದರಲ್ಲಿ ಪಾದ್ರಿಗಳಿದ್ದಾರೆ, ವಿಧವೆಯರಿದ್ದಾರೆ, ಸಾಲ ಕೊಟ್ಟ ಅಡಮಾನದಾರರಿದ್ದಾರೆ, ಒಂದು ದ್ವೀಪವನ್ನೂ ಕಣ್ಣಿಂದ ಕಾಣದವರಿದ್ದಾರೆ.

ಒಂದು ತಲೆಗೆ ಎಷ್ಟು ಎಂಬುದು ಆಯಾ ವಸಾಹತಿನ ಮಾರುಕಟ್ಟೆ ದರದ ಮೇಲೆ. ಸಕ್ಕರೆ ಉಕ್ಕುತ್ತಿದ್ದ ಬ್ರಿಟಿಷ್ ಗಯಾನಾದಲ್ಲಿ ಸರಾಸರಿ 50 ಪೌಂಡಿನ ಮೇಲೆ. ಹತ್ತಿ ಸತ್ತ ಬಹಾಮಾಸಿನಲ್ಲಿ ಅದರ ಕಾಲು ಭಾಗದಷ್ಟು. ಲಾರ್ಡ್ ರೋಲ್‌ಗೆ 370ಕ್ಕೂ ಹೆಚ್ಚು ಜನರ ಲೆಕ್ಕದಲ್ಲಿ 4,300 ಪೌಂಡಿಗೂ ಮೇಲ್ಪಟ್ಟು ಹಣ ಬಂತು. ಹತ್ತಿ ಬೆಳೆಯದ ತೋಟದಿಂದ ಬಂದ ಕೊನೆಯ ಫಸಲು ಇದು. ಆ ಜನರಲ್ಲಿ ಹೆಚ್ಚಿನವರು ಅಪ್ಪ ಕೊಂಡು ತಂದವರಲ್ಲ; ಎಕ್ಸೂಮದಲ್ಲಿ ಹುಟ್ಟಿ, ತಾವೇ ಬೆಳೆದ ಜೋಳ ತಿಂದು ದೊಡ್ಡವರಾದವರು. ಅವರ ಸಂಸಾರ ಬೆಳೆದಷ್ಟೂ ಒಡೆಯನ ಅರ್ಜಿಯ ಮೊತ್ತ ಬೆಳೆಯಿತು.

ಅವನ ನೆಲದ ಕಥೆ ಮಾತ್ರ ಬೇರೆ ದಿಕ್ಕಿಗೆ ಹೋಯಿತು. ಬಿಡುಗಡೆಯ ಹೊತ್ತಿಗೆ ಎಕ್ಸೂಮದ ಕಲ್ಲುನೆಲಕ್ಕೆ ಗಿರಾಕಿ ಇರಲಿಲ್ಲ. ಜನ ಇದ್ದಲ್ಲೇ ಉಳಿದರು, ‘ರೋಲ್’ ಎಂಬುದನ್ನೇ ಮನೆತನದ ಹೆಸರಾಗಿ ಇಟ್ಟುಕೊಂಡರು. ಲಾರ್ಡ್ ರೋಲ್ ತನ್ನ ನೆಲವನ್ನೆಲ್ಲ ಅವರಿಗೆ ದಾನ ಬರೆದುಕೊಟ್ಟ ಎಂದು ದ್ವೀಪದ ಜನ ತಲೆಮಾರುಗಳಿಂದ ಹೇಳುತ್ತಾರೆ. ಅಂಥ ದಾನಪತ್ರ ಇತಿಹಾಸಕಾರರ ಕೈಗೆ ಸಿಕ್ಕಿಲ್ಲ. ನನಗೆ ಪತ್ರಕ್ಕಿಂತ ಜನರ ಬಾಯಿಮಾತಿನ ಗಟ್ಟಿತನ ಮುಖ್ಯವೆನಿಸುತ್ತದೆ. ಐವತ್ತು ವರ್ಷ ದುಡಿದು, ಏಟು ತಿಂದು ಹಿಡಿದುಕೊಂಡ ನೆಲಕ್ಕೆ, ಒಡೆಯರ ಕಾನೂನಿಗೆ ಅರ್ಥವಾಗುವ ಒಂದು ದಾಖಲೆಯನ್ನು ಅವರು ಕಥೆಯ ರೂಪದಲ್ಲಿ ಬರೆದುಕೊಂಡರು ಎನ್ನುವುದು ನನ್ನ ಊಹೆ.

ಕಾನೂನು ಕೊನೆಗೆ ಅವರ ಹಿಂದೆ ಬಂತು. 1896ರಲ್ಲಿ ಬಹಾಮಾಸಿನಲ್ಲಿ ಸಾಮುದಾಯಿಕ ನೆಲಕ್ಕಾಗಿ ಒಂದು ಕಾಯಿದೆಯಾಯಿತು. ರೋಲ್‌ವಿಲ್, ರೋಲ್ ಟೌನ್, ಸ್ಟೀವನ್‌ಟನ್, ಮೌಂಟ್ ಥಾಂಪ್ಸನ್, ರ‍್ಯಾಮ್ಸೆ ಈ ಊರುಗಳ ಸುತ್ತಲಿನ ನೆಲ ಇಂದಿಗೂ ಆ ಗುಲಾಮರ ವಂಶದವರೆಲ್ಲರಿಗೆ ಕೂಡಿ ಸೇರಿದ್ದು. ಹಕ್ಕುಳ್ಳವರು ಮನೆ ಕಟ್ಟಬಹುದು, ಬೇಸಾಯ ಮಾಡಬಹುದು. ತನ್ನ ಪಾಲೆಂದು ಬಿಡಿಸಿ ಮಾರಲು ಬರುವುದಿಲ್ಲ. ದ್ವೀಪಕ್ಕೆ ಪ್ರವಾಸಿಗರೂ ರೆಸಾರ್ಟುಗಳೂ ಬಂದು ಕಡಲಂಚಿನ ನೆಲಕ್ಕೆ ಬೆಲೆ ಏರಿದೆ. ಕಿರಿಯರಲ್ಲಿ ಕೆಲವರಿಗೆ ಈ ಕೂಡು ಒಡೆತನ ಕಾಲಿಗೆ ತೊಡಕು. ಮನೆ ಕಟ್ಟಲು ಸಾಲ ಕೇಳಿದರೆ ಬ್ಯಾಂಕಿನವರು ಒಬ್ಬರ ಹೆಸರಿನ ಹಕ್ಕುಪತ್ರ ತನ್ನಿ ಎನ್ನುತ್ತಾರೆ, ರೋಲ್‌ಗಳ ಬಳಿ ಅದಿಲ್ಲ.